ಎಂಟನೇ ನಂಬರಿನ ಗೇರು ಕಿರುಚಿದ ಕಾರಣ

ಈ ಸಂಗತಿಯನ್ನು ಬರೆಯಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ನಾನು ಕತೆಗಾರನಲ್ಲ. ಲಾ ಪಾಸ್ ನಗರದ ಮೇಲಿನ ಬೆಟ್ಟದೂರು ಎಲ್ ಆಲ್ತೊದ ಒಂದು ಮಿನಿಬಸ್ ಚಾಲಕರ ಸಂಘದಲ್ಲಿ ಸಭೆಯ ನಡಾವಳಿ ಬರೆಯುವವನು. ಮೂವತ್ತೊಂದನೇ ವಯಸ್ಸಿನಲ್ಲಿ ಸಂಜೆ ಶಾಲೆಯ ಓದು ಮುಗಿಸಿದೆ. ಕೈಬರಹ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಡಾವಳಿ ಪುಸ್ತಕ ನನ್ನ ಪಾಲಿಗೆ ಬಂತು. ಬೇರೆಯವರು ಹೇಳಿದ್ದನ್ನು ಬರೆದು ಕೆಳಗೆ ರುಜು ಹಾಕಿ ಅಭ್ಯಾಸವಾದವನು ಸ್ವಂತವಾಗಿ ನಾಲ್ಕು ಪುಟ ಬರೆದರೆ ಎಷ್ಟು ತಪ್ಪುಗಳಿರುತ್ತವೋ ಗೊತ್ತಿಲ್ಲ. ಆದರೆ ಸೆನೋನ್ ತಾರ್ಕಿಯ ವಿಷಯದಲ್ಲಿ ನಾನು ರುಜು ಹಾಕಿದ ಒಂದು ಪುಟ ಸುಳ್ಳಾಗಿತ್ತು. ಅದು ಇನ್ನೂ ಸಂಘದ ಕಪಾಟಿನಲ್ಲಿದೆ. ಅದರ ಎದುರಿಗೆ ನಿಜವಾದದ್ದೂ ಒಂದು ಇರಲಿ ಎಂದು ಬರೆಯುತ್ತಿದ್ದೇನೆ.

ಅದೊಂದು ಬುಧವಾರ ಮಧ್ಯಾಹ್ನ. ನಾನು ದೋನ್ಯಾ ಪ್ರಿಮಿತಿವಾಳ ಕೋಣೆಯಲ್ಲಿ ಕೋಕಾ ಎಲೆಯ ಚಹ ಕುಡಿಯುತ್ತ ಕುಳಿತಿದ್ದೆ. ಸಂಘದ ಸಭಾಂಗಣದ ಹಿಂದಿನ ಆ ಕೋಣೆಯಲ್ಲೇ ಅವಳ ವಾಸ, ಅಲ್ಲೇ ವ್ಯಾಪಾರ: ಕಂಬಳಿಯ ಮೇಲೆ ಹರವಿದ, ಗಾಡಿಗಳ ಹಳೆಯ ಗೇರುಗಳು. ಗಂಡನ ಜೊತೆ ಮೂವತ್ತು ವರ್ಷ ಗೇರ್ ಪೆಟ್ಟಿಗೆಗಳನ್ನು ಬಿಚ್ಚಿದವಳು. ಅವನು ಸತ್ತ ಮೇಲೂ ಭುಜ ಸೋಲುವವರೆಗೆ ಒಬ್ಬಳೇ ಬಿಚ್ಚಿದಳು. ನಮ್ಮ ಓಣಿಯಲ್ಲಿ ಏನಾದರೂ ಕಳೆದರೆ, ಯಾರಾದರೂ ಸುಳ್ಳು ಹೇಳಿದರೆ, ಜನ ಮೊದಲು ತಟ್ಟುವುದು ಅವಳ ಬಾಗಿಲು. ಗೌರವದಿಂದ ಎಲ್ಲರೂ ಅವಳನ್ನು ದೋನ್ಯಾ ಎನ್ನುತ್ತಾರೆ. ಅವಳು ಹೇಳಿದ್ದನ್ನು ಬರೆದಿಡುವುದು ನನ್ನ ಕೆಲಸ. ಅಷ್ಟು ಬಿಟ್ಟರೆ ಅವಳಿಗೆ ನನ್ನಿಂದ ಏನು ಉಪಯೋಗವೆಂದು ನನಗೆ ತಿಳಿಯದು.

ಸೆನೋನ್ ಬಾಗಿಲಲ್ಲೇ ನಿಂತ. ಐವತ್ತರ ಆಸುಪಾಸಿನ ಗಟ್ಟಿ ಆಳು. ಸಂಘದ ಗ್ಯಾರೇಜಿನಲ್ಲಿ ಮೇಸ್ತ್ರಿ ಎವಾರಿಸ್ತೊನ ಕೈಕೆಳಗೆ ಹನ್ನೊಂದು ವರ್ಷ ದುಡಿದವನು.

"ನನ್ನ ಕೆಲಸದ ಬಟ್ಟೆಗೆ ಹುಲ್ಲು ತುಂಬಿ ಕಂಬಕ್ಕೆ ನೇತುಹಾಕಿದಾರೆ, ದೋನ್ಯಾ," ಎಂದ.

ಕಳ್ಳರಿಗೆ ಎಚ್ಚರಿಕೆಯೆಂದು ದೀಪದ ಕಂಬಕ್ಕೆ ಬೊಂಬೆ ತೂಗುಹಾಕುವುದು ನಮ್ಮಲ್ಲಿ ಹೊಸದಲ್ಲ. ನಾನು ನೂರಾರು ನೋಡಿದ್ದೇನೆ. ನನಗೆ ಗುರುತಿರುವ ಅಂಗಿ ತೊಟ್ಟ ಬೊಂಬೆಯನ್ನು ಮಾತ್ರ ಅದುವರೆಗೆ ನೋಡಿರಲಿಲ್ಲ.

"ಕೂತ್ಕೋ," ಎಂದಳು ಪ್ರಿಮಿತಿವಾ. "ಕೆಡಿಸಿದ್ಯಾ?"

"ಇಲ್ಲ."

"ಮೂರು ಗಾಡಿ, ಮೂರಕ್ಕೂ ಹೊಸ ಕ್ಲಚ್ಚು, ಮೂರರಲ್ಲೂ ಗೇರು ಕಿರುಚ್ತು. ಮೂರನ್ನೂ ಜೋಡಿಸಿದ್ದು ನೀನು."

"ಹೌದು. ಅದೇ ಕೈಯಿಂದ ಇನ್ನೂ ನಾಲ್ಕು ಜೋಡಿಸಿದೀನಿ. ಅವು ಬೆಣ್ಣೆ ಹಂಗೆ ಓಡ್ತಿವೆ." ಅವನು ತನ್ನ ಅಂಗೈ ನೋಡಿಕೊಂಡ. "ಶನಿವಾರ ಸಭೆ. ನನ್ನನ್ನ ಹೊರಗೆ ಹಾಕ್ತಾರೆ. ಹಾಕ್ಲಿ. ಆದರೆ ಬೇಕು ಅಂತ ಕೆಡಿಸಿದವನು ಅನ್ನೋ ಹೆಸರು ಹೊತ್ಕೊಂಡು ಹೋದ್ರೆ ಈ ಬೆಟ್ಟದ ಮೇಲೆ ಯಾವ ಗ್ಯಾರೇಜೂ ನನಗೆ ಸ್ಪ್ಯಾನರ್ ಕೊಡಲ್ಲ. ನನ್ನ ಹೆಸರು ಒಂದು ಉಳಿಸಿಕೊಡಿ."

ನಾನು ಚಹದ ಲೋಟದೊಳಗೆ ನೋಡುತ್ತಿದ್ದೆ. ಹಿಂದಿನ ಭಾನುವಾರದ ತುರ್ತು ಸಭೆಯಲ್ಲಿ "ಸೆನೋನ್ ತಾರ್ಕಿ ಬೇಕೆಂದೇ ವಾಹನಗಳನ್ನು ಕೆಡಿಸಿದ್ದಾನೆ" ಎಂದು ಬರೆದವನು ನಾನೇ. ಅಧ್ಯಕ್ಷ ರುಫೀನೊ ಹೇಳಿದ, ನಾನು ಬರೆದೆ.

ಜನರ ಸಿಟ್ಟಿಗೆ ಕಾರಣವಿತ್ತು. ಮೊದಲೆರಡು ಗಾಡಿಗಳು, ಹದಿನಾಲ್ಕು ಮತ್ತು ಮೂವತ್ತೊಂದನೇ ನಂಬರಿನವು, ನಿಲ್ದಾಣದಲ್ಲೇ ತಕರಾರು ಮಾಡಿದ್ದವು. ಮೇಸ್ತ್ರಿ ಎವಾರಿಸ್ತೊ ತಾನೇ ಪೆಟ್ಟಿಗೆ ಇಳಿಸಿ ಸರಿಮಾಡಿದ. ಮೂರನೆಯದು ನೋಲ್ಬೆರ್ತೊನ ಎಂಟನೇ ನಂಬರು. ಲಾ ಪಾಸ್ ಕಡೆಗೆ ಇಳಿಯುವ ಕಡಿದಾದ ದಾರಿಯಲ್ಲಿ ಅವನು ಎರಡನೇ ಗೇರಿಗೆ ಹಾಕಲು ಹೋದಾಗ ಅದು ಕಿರುಚಿ ಕೈಯನ್ನು ಒದ್ದಿತು. ಗೇರಿಲ್ಲದೆ ಗಾಡಿ ಓಡಿತು. ಬ್ರೇಕು ಕಾದು ಸೋತಾಗ ಅವನು ಬಲಗಡೆಯ ಗೋಡೆಗೆ ನುಗ್ಗಿಸಿದ. ಹನ್ನೆರಡು ಪ್ರಯಾಣಿಕರು ಉಳಿದರು. ಬ್ರೇಕಿನ ಮೇಲಿದ್ದ ಅವನ ಬಲಗಾಲು ಎರಡು ಕಡೆ ಮುರಿಯಿತು.

ಇನ್ನೊಂದು ಮಾತೂ ಇತ್ತು, ಅದನ್ನು ಯಾರೂ ನಡಾವಳಿಯಲ್ಲಿ ಬರೆಸಲಿಲ್ಲ. ಹಿಂದಿನ ವರ್ಷ ಸೆನೋನ್ ಸುವಾರ್ತೆಯ ಸಭೆಗೆ ಸೇರಿ ಕುಡಿತ ಬಿಟ್ಟಿದ್ದ. ಗಾಡಿ ಬಂದರೆ, ಯಂತ್ರ ಬಂದರೆ, ಭೂತಾಯಿಗೆ ಸಿಹಿ ವೈನ್ ಎರೆದು, ಗಾಡಿಯ ಮೇಲೂ ಚಿಮುಕಿಸಿ, ಬಣ್ಣದ ಕಾಗದದ ಚುಕ್ಕಿ ತೂರುವುದು ನಮ್ಮ ಹಿರಿಯರಿಂದ ಬಂದ ಚಾಲ್ಯಾ. ಗ್ಯಾರೇಜಿನಲ್ಲೂ ಶುಕ್ರವಾರಗಳಂದು ನಡೆಯುತ್ತಿತ್ತು. ಸೆನೋನ್ ಅದಕ್ಕೆ ನಿಲ್ಲಲೊಲ್ಲೆ ಎಂದ. ಮನೆಯ ಒಬ್ಬ ಮುಖ ತಿರುಗಿಸಿದರೆ ಅರ್ಪಣೆ ಮುಟ್ಟುವುದಿಲ್ಲವೆಂದು ಮೇಸ್ತ್ರಿ ನಿಲ್ಲಿಸಿಬಿಟ್ಟ. "ಬ್ರದರು ಭೂತಾಯಿ ಬಾಯಿಗೆ ಮಣ್ಣು ಹಾಕಿದ," ಎಂದು ಚಾಲಕರು ಸೆನೋನ್‌ನನ್ನು ಅಣಕಿಸಿ ಗೊಣಗುತ್ತಿದ್ದರು. ಗೇರು ಕಿರುಚಿದ ದಿನ ಆ ಗೊಣಗಾಟಕ್ಕೆ ಹಲ್ಲು ಬಂತು.

ಗುರುವಾರ ಬೆಳಗ್ಗೆ ಪ್ರಿಮಿತಿವಾ ಬಂದು, "ಎಂಟನೇ ನಂಬರು ನಿಂತಿರೋ ಅಂಗಳದ ಬೀಗದಕೈ ನಿನ್ನ ಹತ್ರ ಇದೆಯಲ್ವಾ?" ಎಂದಳು.

"ಇದೆ. ಆದರೆ ಎಂಟನೇ ನಂಬರನ್ನ ಯಾರೂ ಮುಟ್ಟಬಾರದು ಅಂತ ಮೇಸ್ತ್ರಿ ಹೇಳಿದಾರೆ. ಸಭೆ ಮುಗಿದ ಮೇಲೆ ತಾನೇ ಬಿಚ್ತೀನಿ ಅಂತ. ಅಧ್ಯಕ್ಷರನ್ನ ಒಂದು ಮಾತು ಕೇಳಿದ್ರೆ..."

"ಕೇಳಿದ್ರೆ ಬೇಡ ಅಂತಾರೆ. ಆಮೇಲೆ ಮುಟ್ಟಿದ್ರೆ ತಪ್ಪಾಗತ್ತೆ. ಕೇಳದೇ ಮುಟ್ಟೋಣ. ಮೇಸ್ತ್ರಿ ಸಂತೆಗೆ ಹೋಗಿದಾನೆ, ಸಂಜೆವರೆಗೂ ಬರಲ್ಲ."

ಗಾಡಿಯ ಬಲಮೂಲೆ ನುಜ್ಜಾಗಿತ್ತು, ಎಡಗಡೆಯ ಕ್ಲಚ್ ಪೆಡಲು ನೆಟ್ಟಗಿತ್ತು. ಎಂಜಿನ್ ಸೀಟಿನಡಿ ಇದ್ದುದರಿಂದ ಅದಕ್ಕೆ ಏಟು ಬಿದ್ದಿರಲಿಲ್ಲ. ನನ್ನನ್ನು ಹತ್ತಿಸಿ ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು.

"ಎಂಜಿನ್ ಬೇಡ. ಗೇರು ಹಾಕು. ಒಂದೊಂದಾಗಿ ಎಲ್ಲ."

ಎಲ್ಲ ಗೇರುಗಳೂ ಸಲೀಸಾಗಿ ಬಿದ್ದವು.

"ಈಗ ಎಂಜಿನ್ ಹಚ್ಚು. ಕ್ಲಚ್ ಪೂರ್ತಿ ಒತ್ತಿ ಹಿಡಿ. ಹತ್ತು ಎಣಿಸಿ ರಿವರ್ಸ್ ಹಾಕು."

ಹತ್ತು ಎಣಿಸಿ ಹಾಕಿದೆ. ತಗಡನ್ನು ಕಲ್ಲಿನ ಮೇಲೆ ಎಳೆದಂತೆ ಕಿರುಚಿತು. ಒಂದನೆಯದೂ ಹಾಗೆಯೇ, ಎರಡನೆಯದೂ ಹಾಗೆಯೇ.

"ಗೇರ್ ಪೆಟ್ಟಿಗೆ ಕೆಟ್ಟಿದ್ರೆ ಒಂದೋ ಎರಡೋ ಗೇರು ಅಳೋದು," ಎಂದಳು. "ಎಲ್ಲವೂ ಅಳ್ತಿವೆ, ಅದೂ ಎಂಜಿನ್ ಓಡ್ತಿದ್ದಾಗ ಮಾತ್ರ. ನೀನು ಪೆಡಲು ಒತ್ತಿದ್ರೂ ಕ್ಲಚ್ಚಿನ ಪ್ಲೇಟು ಎಂಜಿನ್ನಿನ ಕೈ ಬಿಡ್ತಿಲ್ಲ. ಪೆಟ್ಟಿಗೆಯೊಳಗಿನ ಶಾಫ್ಟು ತಿರುಗ್ತಾನೇ ಇದೆ. ತಿರುಗೋದಕ್ಕೆ ನಿಂತಿರೋದನ್ನ ಹೊಂದಿಸೋಕೆ ಹೋದ್ರೆ ಹಲ್ಲು ಕಡೀದೆ ಇನ್ನೇನು ಮಾಡತ್ತೆ?"

ಪೆಡಲು ಎಷ್ಟು ಸಡಿಲವಾಗಿ ಆಡುತ್ತದೆಂದು ನೋಡಿದಳು, ಎರಡು ಬೆರಳಗಲ, ಸರಿಯಾಗಿತ್ತು. ಕೇಬಲ್ಲು ಹೊಸದು. ಸೆನೋನ್ ಕೈಯ ಕೆಲಸದಲ್ಲಿ ಹೊರಗೆ ಕಾಣುವ ತಪ್ಪು ಇರಲಿಲ್ಲ. ನಾನು ಕೆಳಗೆ ನುಗ್ಗಿ, ಅವಳು ಹೇಳಿದಂತೆ ಬೋಲ್ಟು ಬಿಚ್ಚಿ, ಜಾಕಿನ ಮೇಲೆ ಪೆಟ್ಟಿಗೆ ಇಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ನಡುವೆ ಎರಡು ಸಲ ನನ್ನ ಬೆರಳು ಜಜ್ಜಿತು, ಮೂರು ಸಲ ಬಿಟ್ಟುಬಿಡೋಣವೇ ಎಂದು ಕೇಳಿದೆ.

ಪ್ಲೇಟನ್ನು ಒತ್ತಿಹಿಡಿದ ಮುಚ್ಚಳ ಬಿಚ್ಚಿದ ಮೇಲೆ ಅದು ತಾನಾಗಿ ಕೈಗೆ ಬೀಳಬೇಕು. ಇದು ಎಂಜಿನ್ನಿನ ಚಕ್ರಕ್ಕೆ ಅಂಟಿಕೊಂಡಿತ್ತು. ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸಬೇಕಾಯಿತು. ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಗ್ರೀಸೆಂದುಕೊಂಡೆ. ಪ್ರಿಮಿತಿವಾ ಉಗುರಿನಿಂದ ಕೆರೆದು ನಾಲಗೆಗೆ ಹಚ್ಚಿ, ಉಗಿದು, ನನ್ನ ಕಡೆಗೂ ಚಾಚಿದಳು.

"ಸಿಹಿ," ಎಂದೆ.

ಪ್ಲೇಟಿನ ಸ್ಪ್ರಿಂಗಿನ ಸಂದಿಯಿಂದ ಅವಳು ಕಾಳಿಗಿಂತ ಚಿಕ್ಕದೊಂದು ಚೂರನ್ನು ಹೊರತೆಗೆದಳು. ಗುಲಾಬಿ ಬಣ್ಣದ ಕಾಗದದ ಚುಕ್ಕಿ. ಅದನ್ನು ಕೋಕಾ ಎಲೆಯಲ್ಲಿ ಸುತ್ತಿ ಎದೆಯ ಚೀಲಕ್ಕೆ ಸೇರಿಸಿದಳು.

"ನಿನ್ನ ಹತ್ರ ಇರೋ ಗಾಡಿಗಳ ಸರದಿ ಪುಸ್ತಕ ಓದು. ಏಳು ಗಾಡಿಗಳೂ ಕ್ಲಚ್ಚಿಗೆ ಅಂತ ಯಾವತ್ತು ರಜಾ ತಗೊಂಡ್ವು?"

ಓದಿದೆ. ಸರಿಯಿದ್ದ ನಾಲ್ಕೂ ಸೋಮವಾರ ಗ್ಯಾರೇಜಿಗೆ ಹೋಗಿದ್ದವು. ಕೆಟ್ಟ ಮೂರೂ ಶನಿವಾರ. ನಮ್ಮ ಸಂತೆ ಗುರುವಾರ ಮತ್ತು ಭಾನುವಾರ; ಪ್ಲೇಟುಗಳನ್ನು ಮೇಸ್ತ್ರಿ ಅಲ್ಲಿಂದಲೇ ತರುತ್ತಿದ್ದ. ಅದನ್ನು ಅವಳು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಮೂವತ್ತೊಂದರ ಚಾಲಕನನ್ನು ಕರೆಸಿದಳು.

"ಮೇಸ್ತ್ರಿ ನಿನ್ನ ಗಾಡಿ ಬಿಚ್ಚಿ ಏನು ಮಾಡ್ದ?"

"ಪ್ಲೇಟು ಬಿಡಿಸೋ ಕಬ್ಬಿಣದ ಫೋರ್ಕನ್ನ ಸೆನೋನ್ ಬಗ್ಗಿಸಿಟ್ಟಿದಾನೆ ಅಂದ್ರು. ಏನೋ ತೊಳೆದ್ರು, ಅದನ್ನೇ ಹಾಕಿದ್ರು. ಎರಡು ದಿನ ಗಾಡಿಯೆಲ್ಲ ಪೆಟ್ರೋಲ್ ವಾಸನೆ. ಪ್ರಯಾಣಿಕರು ಬೈದು ಇಳಿದುಹೋದ್ರು."

"ಫೋರ್ಕು ಕಾಯಿಸಿ ಬಡಿದ್ರಾ?"

"ಸುತ್ತಿಗೆ ಸದ್ದೇ ಕೇಳಲಿಲ್ಲ, ತಾಯಿ. ಒಂದು ಚಿಂದಿ ಬಟ್ಟೆ ಅಷ್ಟೇ."

ಕೊನೆಗೆ ಮೇಸ್ತ್ರಿಯ ಹೆಂಡತಿ ಆಸುಂತಾಳ ಬಳಿ ಹೋದೆವು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವರ ಸಂಸಾರ. ಅವಳು ನಮ್ಮ ಮುಂದೆ ಬಿಸಿ ಸಾರಿನ ಬಟ್ಟಲಿಟ್ಟಳು. ಕಣ್ಣು ಕೆಂಪಾಗಿತ್ತು.

"ಈ ಗ್ಯಾರೇಜಿಗೆ ದೃಷ್ಟಿ ತಾಗಿದೆ," ಎಂದಳು. "ಬ್ರದರು ಹನಿ ಎರೆಯೋಕೆ ಬಿಡಲ್ಲ. ನನ್ನ ಗಂಡ ಅವನ ಮರ್ಜಿ ನೋಡ್ತಾರೆ. ನನ್ನ ಕೈಲಾದದ್ದನ್ನ ನಾನು ಮಾಡ್ತಾನೇ ಇದೀನಿ. ಆದ್ರೂ ಒಂದರ ಮೇಲೊಂದು ಕೇಡು."

"ಗ್ಯಾರೇಜ್ ಗುಡಿಸೋದು ನೀನೇನಾ?"

"ಶುಕ್ರವಾರ ಶುಕ್ರವಾರ. ಅವರೆಲ್ಲ ಊಟಕ್ಕೆ ಹೋದಾಗ."

ಪ್ರಿಮಿತಿವಾ ಬಟ್ಟಲು ಖಾಲಿ ಮಾಡಿ, ಅವಳ ಕೈಯನ್ನು ಒಂದು ಸಲ ಮುಟ್ಟಿ ಎದ್ದಳು. ಮೆಟ್ಟಿಲಿಳಿಯುತ್ತ ನನಗೆ ಹೇಳಿದಳು: "ಈಗಲೇ ಸೆನೋನ್ ಹತ್ರ ಹೋಗು. ತಪ್ಪು ಅವನದಲ್ಲ ಅಂತ ಗೊತ್ತಾಗಿದೆ, ಶನಿವಾರ ಹತ್ತಕ್ಕೆ ಬಾ ಅಂತ ಹೇಳು. ಇವತ್ತೇ ಹೇಳು."

ಸಭೆಯ ದಿನ ಸಭಾಂಗಣ ತುಂಬಿತ್ತು. ಪ್ಲಾಸ್ಟರು ಸುತ್ತಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ನೋಲ್ಬೆರ್ತೊ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಮೇಸ್ತ್ರಿ ಎವಾರಿಸ್ತೊ, ಬಾಗಿಲ ಬಳಿ ಆಸುಂತಾ. ಸೆನೋನ್‌ಗೆಂದು ಹಾಕಿದ್ದ ಕುರ್ಚಿ ಖಾಲಿಯಿತ್ತು. ಪ್ರಿಮಿತಿವಾ ಅದನ್ನು ನೋಡಿ ನನ್ನನ್ನು ನೋಡಿದಳು. ನಾನು ಪುಸ್ತಕ ತೆರೆದು ತಾರೀಖು ಬರೆಯತೊಡಗಿದೆ.

"ಆರೋಪಿಯೇ ಬಂದಿಲ್ಲ," ಎಂದ ರುಫೀನೊ. "ಇನ್ನೇನು ಬೇಕು? ಗೇರು ಮಾರೋ ಅಜ್ಜಿ ನ್ಯಾಯ ಹೇಳ್ತಾರಂತೆ. ಹೇಳಿ ಅಜ್ಜಿ, ಬೇಗ ಹೇಳಿ. ಗಾಡಿಗಳು ನಿಂತಿವೆ."

"ನಿಂತ ಗಾಡಿ ಯಾರ ಕಾಲನ್ನೂ ಮುರಿಯಲ್ಲ, ಕೂತ್ಕೋ ರುಫೀನೊ," ಎಂದಳವಳು. ಯಾರೋ ನಕ್ಕರು.

ಎಂಟನೇ ನಂಬರಿನ ಪ್ಲೇಟನ್ನು ಅವಳು ಮೇಜಿನ ಮೇಲಿಟ್ಟಳು. ಮೇಸ್ತ್ರಿಯ ಮುಖ ಬಿಳಿಚಿದ್ದನ್ನು ನಾನು ಕಂಡೆ.

"ಎಂಜಿನ್ ಆರಿಸಿದ್ರೆ ಗೇರು ಸರಿ, ಹಚ್ಚಿದ್ರೆ ಕಿರುಚು. ಅಂದ್ರೆ ಪ್ಲೇಟು ಕೈ ಬಿಡ್ತಿಲ್ಲ. ಯಾಕೆ ಬಿಡ್ತಿಲ್ಲ? ಅಂಟಿದೆ. ಏನು ಅಂಟು? ನಾಲಗೆಗೆ ಇಟ್ಟೆ, ಸಿಹಿ. ಸಕ್ಕರೆ ವೈನು. ಬಿಸಿಗೆ ಕರಗತ್ತೆ, ನಮ್ಮ ಬೆಳಗಿನ ಚಳಿಗೆ ಅರಗಿನ ಹಂಗೆ ಹಿಡ್ಕೊಳತ್ತೆ. ನಡುವಿನ ಹಲ್ಲಲ್ಲಿ ಕೂತ್ರೆ ಪ್ಲೇಟು ಶಾಫ್ಟಿನ ಮೇಲೆ ಜಾರೋದೇ ಇಲ್ಲ. ಜೊತೆಗೆ ಇದೂ ಸಿಕ್ತು." ಕೋಕಾ ಎಲೆ ಬಿಚ್ಚಿದಳು. "ಇದೇನು ಅಂತ ಈ ಊರಲ್ಲಿ ಮಕ್ಕಳಿಗೂ ಗೊತ್ತು."

ಗುಲಾಬಿ ಚುಕ್ಕಿ ಕೈಯಿಂದ ಕೈಗೆ ಹೋಯಿತು.

"ಯಾರೋ ಪ್ಲೇಟಿಗೇ ಚಾಲ್ಯಾ ಮಾಡಿದಾರೆ, ಅದು ಬಂದ ಕಾಗದದ ಡಬ್ಬ ತೆಗೆದು, ಗಾಡಿಗೆ ಜೋಡಿಸೋಕೆ ಮುಂಚೆ. ಸೋಮವಾರ ಜೋಡಿಸಿದ ನಾಲ್ಕು ಸರಿಯಾಗಿವೆ, ಅವು ಭಾನುವಾರ ಸಂತೆಯಿಂದ ಬಂದವು. ಶನಿವಾರ ಜೋಡಿಸಿದ ಮೂರು ಗುರುವಾರ ಬಂದವು. ಅವು ಶುಕ್ರವಾರ ಇಡೀ ದಿನ ಗ್ಯಾರೇಜಿನ ಕಪಾಟಲ್ಲಿದ್ವು. ಶುಕ್ರವಾರ ಎರೆಯೋ ದಿನ. ಈಗ ನೀವೇ ಹೇಳಿ, ಈ ಊರಲ್ಲಿ ವೈನಿನ ಬಾಟಲಿ ಕೈಲಿ ಹಿಡಿಯದ ಮನುಷ್ಯ ಯಾರು? ಯಾರು ಎರೆಯಲಿಲ್ಲ ಅಂತ ನೀವು ಬೊಂಬೆ ತೂಗಿದ್ರೋ ಇದನ್ನ ಮಾಡಿರೋಕೆ ಸಾಧ್ಯವೇ ಇಲ್ಲದವನು ಅವನೊಬ್ಬನೇ."

ಬಾಗಿಲ ಬಳಿ ಆಸುಂತಾ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. "ನಾನು ಒಳ್ಳೇದಾಗ್ಲಿ ಅಂತ..." ಎಂದಳು. "ಎಣ್ಣೆ ತಾಗಬಾರದು ಅಂತ ಅವರು ಹೇಳಿದ್ರು. ವೈನಿನ ವಿಷಯ ಯಾರೂ ಹೇಳಲಿಲ್ಲ. ಮೊದಲನೇದು ಕೆಟ್ಟಾಗ ಕಡಿಮೆ ಎರೆದೆ ಅಂದ್ಕೊಂಡು ಆಮೇಲೆ ಜಾಸ್ತಿ ಎರೆದೆ. ಎಂಟನೇ ನಂಬರಿಗೆ ಪೂರ್ತಿ ಲೋಟ."

ನೋಲ್ಬೆರ್ತೊ ತನ್ನ ಪ್ಲಾಸ್ಟರನ್ನು ನೋಡುತ್ತಿದ್ದ.

"ಅವಳಿಗೆ ಗೊತ್ತಿರಲಿಲ್ಲ," ಎಂದಳು ಪ್ರಿಮಿತಿವಾ. "ಗೊತ್ತಿದ್ದವನು ಬೇರೆ. ಎವಾರಿಸ್ತೊ, ಮೂವತ್ತೊಂದರಲ್ಲಿ ಫೋರ್ಕು ಬಗ್ಗಿತ್ತು ಅಂದೆ. ಬಗ್ಗಿದ ಫೋರ್ಕನ್ನ ಯಾರಾದ್ರೂ ಪೆಟ್ರೋಲಲ್ಲಿ ತೊಳೆದು ನೆಟ್ಟಗೆ ಮಾಡ್ತಾರಾ? ಕಾರಣ ಗೊತ್ತಿಲ್ಲದ ಮೇಸ್ತ್ರಿ ಹೊಸ ಪ್ಲೇಟು ಹಾಕ್ತಾನೆ. ನೀನು ಹಳೇದನ್ನೇ ತೊಳೆದು ಹಾಕ್ದೆ, ಅದು ಸರಿಹೋಗತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು. ವೈನು ನೋಡ್ದೆ, ಚುಕ್ಕಿ ನೋಡ್ದೆ. ಹೆಂಡತಿ ಕೈ ಅಂತ ತಿಳೀತು. ಸೆನೋನ್ ಹೆಸರು ಹೇಳ್ದೆ. ಎಂಟನೇ ನಂಬರನ್ನ ಸಭೆ ಮುಗಿದ ಮೇಲೆ ಬಿಚ್ತೀನಿ ಅಂದಿದ್ದೂ ಅದಕ್ಕೇ."

ಎವಾರಿಸ್ತೊ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಿದ್ದ.

"ಅವಳಿಗೆ ಹೇಳಬೇಕು ಅಂತಿದ್ದೆ," ಎಂದ. "ಹೇಳಿದ್ರೆ ಎರಡು ಗಾಡಿ ಕೆಡಿಸಿದವಳು ನಾನು ಅಂತ ಅಳ್ತಾಳೆ ಅಂದ್ಕೊಂಡೆ. ಕಪಾಟಿಗೆ ಬೀಗ ಹಾಕಿದ್ರೆ ಸಾಕು ಅಂತ ಬೀಗ ತಂದೆ. ಹಾಕೋದು ಮರೆತೆ. ಸೆನೋನ್ ಒಂಟಿ ಆಳು. ಎಲ್ಲಾದ್ರೂ ಬದುಕ್ತಾನೆ ಅಂದ್ಕೊಂಡೆ."

"ಬೀಗ ಹಾಕೋದು ಮರೆತೆ," ಎಂದು ನೋಲ್ಬೆರ್ತೊ ನಿಧಾನವಾಗಿ ಅವನ ಮಾತನ್ನೇ ಹೇಳಿದ. ಅಂದು ಅವನು ಆಡಿದ್ದು ಅದೊಂದೇ ಮಾತು.

ಆಮೇಲೆ ನಡೆದದ್ದನ್ನು ನಡಾವಳಿಯಲ್ಲಿ ಬರೆದಂತೆಯೇ ಇಲ್ಲಿ ಬರೆಯುತ್ತೇನೆ. ಮೇಸ್ತ್ರಿಯನ್ನು ಹೊರಹಾಕಬೇಕೆಂದು ಒಬ್ಬರು ಸೂಚಿಸಿದರು. ಹಾಗಾದರೆ ಸೋಮವಾರದಿಂದ ಗಾಡಿಗಳನ್ನು ನೋಡುವವರು ಯಾರೆಂದು ಇನ್ನೊಬ್ಬರು ಕೇಳಿದರು. ಸೆನೋನ್ ಇಲ್ಲ, ಬೇರೆ ಮೇಸ್ತ್ರಿ ಇಲ್ಲ. ಮೇಸ್ತ್ರಿ ಎವಾರಿಸ್ತೊ ಮುಂದುವರಿಯಬೇಕು, ಆದ ಕೇಡಿಗೆ ಪ್ರಾಯಶ್ಚಿತ್ತವಾಗಿ ಎರಡು ಪೆಟ್ಟಿಗೆ ಬಿಯರ್ ತಂದು ಗ್ಯಾರೇಜಿಗೆ ಎಲ್ಲರ ಮುಂದೆ ಚಾಲ್ಯಾ ಮಾಡಿಸಬೇಕು ಎಂದು ಬಹುಮತದಿಂದ ತೀರ್ಮಾನವಾಯಿತು. ಪ್ರಿಮಿತಿವಾ ಆಗಲೇ ಎದ್ದು ಹೋಗಿದ್ದಳು. ಭಾನುವಾರದ ನಡಾವಳಿಯನ್ನು ರದ್ದುಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇನ್ನು ಆ ಖಾಲಿ ಕುರ್ಚಿಯ ವಿಷಯ. ಇದನ್ನು ಬಿಟ್ಟುಬಿಡಲು ಎರಡು ಸಲ ನೋಡಿದೆ, ಆಗಲಿಲ್ಲ. ಗುರುವಾರ ನಾನು ಸೆನೋನ್ ಬಳಿ ಹೋಗಲಿಲ್ಲ. ದೋನ್ಯಾ ಪೂರ್ತಿ ವಿವರಿಸಿಲ್ಲ, ಒಂದು ವೇಳೆ ಅವಳ ಎಣಿಕೆ ತಪ್ಪಾದರೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ, ಇನ್ನೊಂದು ಸಲ ಅವಳನ್ನು ಕೇಳಿ ಖಚಿತಪಡಿಸಿಕೊಂಡು ಹೋಗೋಣ ಎಂದುಕೊಂಡೆ. ಬೆರಳುಗಳೂ ನೋಯುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಹೋದಾಗ ಅವನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಮಂಚದ ಚೌಕಟ್ಟು ಮಾತ್ರ. ಬೆಳಗ್ಗೆ ಯಾರೋ ಆ ಬೊಂಬೆಯನ್ನು ಅವನ ಬಾಗಿಲೆದುರು ತಂದು ಸುಟ್ಟರಂತೆ. ಅವನು ಬೂದಿಯನ್ನು ಗುಡಿಸಿ ಮೂಲೆಗೆ ಹಾಕಿ, ಗಂಟು ಹೊತ್ತು ಬಸ್ಸು ಹತ್ತಿದನೆಂದು ಪಕ್ಕದ ಹೆಂಗಸು ಹೇಳಿದಳು. "ಯಾರಾದ್ರೂ ಏನಾದ್ರೂ ಹೇಳೋಕೆ ಬರ್ತಾರೇನೋ ಅಂತ ನಿನ್ನೆ ಕತ್ತಲಾಗೋವರೆಗೂ ಹೊಸ್ತಿಲ ಮೇಲೆ ಕೂತಿದ್ದ," ಎಂದಳು.

ಅವನು ಯಾವ ಊರಿನ ಬಸ್ಸು ಹತ್ತಿದನೋ ನನಗೆ ತಿಳಿದಿಲ್ಲ. ಹೆಸರು ತೊಳೆದದ್ದು ಅವನ ಕಿವಿಗೆ ಬಿದ್ದಿದೆಯೋ ಇಲ್ಲವೋ, ಎಲ್ಲಾದರೂ ಅವನ ಕೈಗೆ ಯಾರಾದರೂ ಸ್ಪ್ಯಾನರ್ ಕೊಟ್ಟರೋ, ಅದೂ ತಿಳಿದಿಲ್ಲ. ಆ ಬಟ್ಟೆಯನ್ನು ಕಂಬಕ್ಕೆ ಕಟ್ಟಿದವರು ಯಾರು, ಸುಟ್ಟವರು ಯಾರು ಎಂದು ಪ್ರಿಮಿತಿವಾಳನ್ನು ಒಮ್ಮೆ ಕೇಳಿದೆ. ಅವಳು ಗೇರು ಒರೆಸುತ್ತಲೇ ಇದ್ದಳು. ಅವಳಿಗೂ ಗೊತ್ತಿಲ್ಲವೋ, ನನಗೆ ಹೇಳುವುದು ಬೇಡವೆನಿಸಿತೋ, ಅದನ್ನೂ ನಾನು ಅರಿಯೆ.